ಆ ಒಂದು ವರ್ಷ ಯಾರದು?



ಅಮೆರಿಕಕ್ಕೆ ಹೋಗುವ ಬಾಗಿಲು ಎಲ್ಲಿದೆ? ಚೆನ್ನೈಯಲ್ಲಿದೆ ಎನ್ನುತ್ತೀರಿ. ಅಮೆರಿಕದ ದೂತಾವಾಸದ ಕಿಟಕಿಯ ಮುಂದೆ ಫೈಲು ಹಿಡಿದು ನಿಂತವರ ಸಾಲು ನಿಮ್ಮ ಕಣ್ಣಮುಂದೆ ಬರುತ್ತದೆ. ಅದು ತಪ್ಪು. ಎಲ್-1 ಎಂಬ ವೀಸಾದ ಮಟ್ಟಿಗೆ ಆ ಬಾಗಿಲು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ, ವೈಟ್‌ಫೀಲ್ಡ್‌ನಲ್ಲಿದೆ. ಕಂಪೆನಿಯ ಸಂಬಳದ ಪಟ್ಟಿಯಲ್ಲಿದೆ. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಹುಡುಗರು ದುಡಿಯುವ ಹೋಟೆಲುಗಳ ಹಾಜರಿ ಪುಸ್ತಕದಲ್ಲಿದೆ. ಅಲ್ಲಿ ನಿಮ್ಮ ಹೆಸರು ಇದ್ದರೆ ಬಾಗಿಲು ತೆರೆದೀತು. ಇಲ್ಲದಿದ್ದರೆ ಚೆನ್ನೈಗೆ ಹೋಗಿ ಬಂದ ಬಸ್ಸಿನ ದುಡ್ಡೂ ದಂಡ!

ಭಾಷೆಗಾಗಿ ಹೋರಾಡುವ ಪತ್ರಿಕೆಗೆ ವೀಸಾದ ಉಸಾಬರಿ ಯಾಕೆ ಎಂದು ಕೆಲವರು ಕೇಳಬಹುದು. ಉತ್ತರ ಸರಳ. ಭಾಷೆ ಉಳಿಯುವುದು ಅನ್ನದ ಜೊತೆ. ಅನ್ನದ ದಾರಿಗೆ ಎಲ್ಲೆಲ್ಲಿ ಗೇಟು ಹಾಕಿದ್ದಾರೆ, ಕೀಲಿ ಯಾರ ಕೈಯಲ್ಲಿದೆ ಎಂಬುದನ್ನು ಕನ್ನಡದಲ್ಲಿ ಹೇಳುವವರು ಇಲ್ಲದಿದ್ದರೆ ನಮ್ಮ ಹುಡುಗರು ದಲ್ಲಾಳಿಗಳ ಬಾಯಿಗೆ ಬೀಳುತ್ತಾರೆ. ಈಗ ಆಗುತ್ತಿರುವುದು ಅದೇ.

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಎಚ್-1ಬಿ ವೀಸಾದ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಹೇರುವ ಆಜ್ಞೆ ಹೊರಡಿಸಿದರು. ಆ ಆಜ್ಞೆಯಲ್ಲಿ ಎಲ್-1 ಸೇರಿರಲಿಲ್ಲ. ಅಷ್ಟು ಸಾಕಾಯಿತು. ನಮ್ಮೂರ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಎಲ್-1ರದೇ ಮಾತು. ‘ಲಾಟರಿ ಇಲ್ಲವಂತೆ, ಡಿಗ್ರಿ ಬೇಡವಂತೆ, ಲೆಕ್ಕಮಿತಿ ಇಲ್ಲವಂತೆ!’ ಅಂತೆ ಕಂತೆಗಳ ಸಂತೆ. ಇದರಲ್ಲಿ ಅರ್ಧ ನಿಜ ಇದೆ, ಅದೇ ಅಪಾಯ. ಎಚ್-1ಬಿಗೆ ವರ್ಷಕ್ಕೆ 65,000, ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ ಮತ್ತೆ 20,000 ಎಂಬ ಮಿತಿ ಇದೆ. ಎಲ್-1ಕ್ಕೆ ಆ ಮಿತಿ ಇಲ್ಲ, ನಿಜ. ಆದರೆ ಅದಕ್ಕೆ ಬೇರೆ ಬೀಗ ಇದೆ. ಆ ಬೀಗದ ಹೆಸರು: ಒಂದು ವರ್ಷದ ಕೆಲಸ.

ಕಾನೂನು ಏನು ಹೇಳುತ್ತದೆ, ನೇರವಾಗಿ ತಿಳಿದುಕೊಳ್ಳಿ. ಎಲ್ ವೀಸಾ ಹುಟ್ಟಿದ್ದು 1970ರಲ್ಲಿ. ಒಂದು ಕಂಪೆನಿಗೆ ಹೊರದೇಶದಲ್ಲೂ ಅಮೆರಿಕದಲ್ಲೂ ಕಚೇರಿ ಇದ್ದರೆ, ಹೊರದೇಶದ ತನ್ನ ನೌಕರನನ್ನು ಅಮೆರಿಕದ ಕಚೇರಿಗೆ ವರ್ಗ ಮಾಡಿಕೊಳ್ಳಲು ಕೊಟ್ಟ ಅವಕಾಶ ಅದು. ಮ್ಯಾನೇಜರು, ಆಡಳಿತಗಾರರಿಗೆ ಎಲ್-1ಎ, ಹೆಚ್ಚೆಂದರೆ 7 ವರ್ಷ. ಕಂಪೆನಿಯ ವಿಶೇಷ ತಿಳಿವಳಿಕೆ ಇರುವವರಿಗೆ ಎಲ್-1ಬಿ, ಹೆಚ್ಚೆಂದರೆ 5 ವರ್ಷ. ಅರ್ಜಿ ಹಾಕುವುದು ಕಂಪೆನಿ, ನೀವಲ್ಲ. ಮೊದಲು ಇದ್ದ ಷರತ್ತು, ಹೊರಡುವುದಕ್ಕೆ ಮುಂಚಿನ ಒಂದು ವರ್ಷ ಎಡೆಬಿಡದೆ ಆ ಕಂಪೆನಿಯಲ್ಲಿ ಇರಬೇಕು ಎಂದು. 1990ರ ಕಾನೂನು ಅದನ್ನು ಸ್ವಲ್ಪ ಸಡಿಲಿಸಿತು: ಹಿಂದಿನ ಮೂರು ವರ್ಷಗಳ ಒಳಗೆ ಎಡೆಬಿಡದ ಒಂದು ವರ್ಷ ಸಾಕು. 2002ರಲ್ಲಿ, ದೊಡ್ಡ ಕಂಪೆನಿಗಳು ಒಟ್ಟಾರೆ ಒಪ್ಪಿಗೆ ಪಡೆದು ಕಳಿಸುವ ‘ಬ್ಲಾಂಕೆಟ್’ ಅರ್ಜಿಗಳಿಗೆ 6 ತಿಂಗಳು ಸಾಕೆಂದು ಇನ್ನಷ್ಟು ಸಡಿಲ ಮಾಡಿದರು. ಅಲ್ಲಿನ ಕೆಲಸಗಾರರು ಬೊಬ್ಬೆ ಹೊಡೆದರು. 2004ರಲ್ಲಿ ಎಲ್-1 ಸುಧಾರಣಾ ಕಾಯ್ದೆ ಬಂತು, 2005ರ ಜೂನ್‌ನಿಂದ ಮತ್ತೆ ಎಲ್ಲರಿಗೂ ಒಂದು ವರ್ಷವೇ ಆಯಿತು. ನೋಡಿ, ಅಲ್ಲಿನ ಜನ ಕೇಳಿದರು, ಅಲ್ಲಿನ ಸಂಸತ್ತು ಎರಡೇ ವರ್ಷದಲ್ಲಿ ಕೇಳಿಸಿಕೊಂಡಿತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಲೆಕ್ಕಕ್ಕೆ ಬನ್ನಿ. ಒಂದು ವರ್ಷ ಎಂದರೆ ಕ್ಯಾಲೆಂಡರಿನ ಒಂದು ವರ್ಷ ಅಲ್ಲ. ಬ್ರಹ್ಮಾವರದ ಹುಡುಗನೊಬ್ಬ ಬೆಂಗಳೂರಿನ ಕಂಪೆನಿಗೆ ಸೇರಿ 14 ತಿಂಗಳಾಯಿತು ಎಂದಿಟ್ಟುಕೊಳ್ಳಿ. ಅದರಲ್ಲಿ 5 ತಿಂಗಳು ಅವನನ್ನು ವ್ಯವಹಾರದ ವೀಸಾ ಮೇಲೆ ಅಮೆರಿಕಕ್ಕೆ ಕಳಿಸಿದ್ದರು. ಅಮೆರಿಕದಲ್ಲಿ ಕಳೆದ ದಿನಗಳು ಆ ವರ್ಷವನ್ನು ಮುರಿಯುವುದಿಲ್ಲ, ಆದರೆ ಆ ವರ್ಷಕ್ಕೆ ಸೇರುವುದೂ ಇಲ್ಲ. ಅವನ ಲೆಕ್ಕ 9 ತಿಂಗಳು. ಇನ್ನೂ 3 ತಿಂಗಳು ಹೊರಗೆ ದುಡಿಯಬೇಕು. ಬೈಂದೂರಿನ ಇನ್ನೊಬ್ಬ 8 ತಿಂಗಳು ದುಡಿದು ರಾಜೀನಾಮೆ ಕೊಟ್ಟ, ಬೇರೆ ಕಡೆ 4 ತಿಂಗಳು ಇದ್ದ, ಮತ್ತೆ ಹಳೇ ಕಂಪೆನಿಗೇ ಬಂದು 5 ತಿಂಗಳಾಯಿತು. ಎಂಟೂ ಐದೂ ಹದಿಮೂರು ಎಂದು ಅವನು ಬೆರಳು ಮಡಿಸುತ್ತಾನೆ. ಹಾಗಿಲ್ಲ! ನಡುವೆ ದಾರ ಕಡಿದಿದೆ. ಲೆಕ್ಕ 5ರಿಂದಲೇ ಶುರು. ಮೂರನೆಯವನು ನಾಲ್ಕು ವರ್ಷ ಒಂದೇ ಕಂಪೆನಿಯಲ್ಲಿ ಬೆವರು ಸುರಿಸಿ, ಬಿಟ್ಟು 2 ವರ್ಷ 3 ತಿಂಗಳಾದ ಮೇಲೆ ಅದೇ ಕಂಪೆನಿಯ ಅಮೆರಿಕದ ಶಾಖೆ ಅವನನ್ನು ಕರೆಯುತ್ತದೆ. ಹಿಂದಿನ ಮೂರು ವರ್ಷಗಳ ಕಿಟಕಿಯಲ್ಲಿ ಅವನ ಕೆಲಸ ಕಾಣುವುದು 9 ತಿಂಗಳು ಮಾತ್ರ. ನಾಲ್ಕು ವರ್ಷದ ಬೆವರು ನೀರಿಗೆ ಹೋಯಿತು.

ನಮ್ಮ ತಂಗಿಯರು ವಿಶೇಷವಾಗಿ ಗಮನಿಸಬೇಕಾದ್ದು ಇನ್ನೊಂದಿದೆ. ಗಂಡನ ಜೊತೆ ಎಲ್-2 ವೀಸಾದಲ್ಲಿ ಹೋದ ಹೆಂಡತಿ ಅಲ್ಲಿ ಕೆಲಸ ಮಾಡಬಹುದು. 2002ರಿಂದ ಅವಕಾಶ ಇತ್ತು, ಆದರೆ ಬೇರೆ ಪರವಾನಗಿ ಪತ್ರಕ್ಕೆ ಕಾಯಬೇಕಿತ್ತು. 2021ರ ನವೆಂಬರಿನಿಂದ ಆ ವೀಸಾ ಸ್ಥಿತಿಯೇ ಪರವಾನಗಿ ಎಂದಾಯಿತು. ಒಳ್ಳೆಯದೇ. ಆದರೆ ಅವಳು ತನ್ನ ಹಳೇ ಕಂಪೆನಿಯ ಮೂಲಕ ಸ್ವಂತ ಎಲ್-1 ಬೇಡಬೇಕೆಂದರೆ, ಗಂಡನ ಹಿಂದೆ ಹೋಗಿ ಅಮೆರಿಕದಲ್ಲಿ ಕಳೆದ ವರ್ಷಗಳಿಗಾಗಿ ಆ ಮೂರು ವರ್ಷದ ಕಿಟಕಿಯನ್ನು ಹಿಂದಕ್ಕೆ ಸರಿಸುವುದಿಲ್ಲ ಎಂದು ಅಲ್ಲಿನ ವಲಸೆ ಇಲಾಖೆ 2018ರ ನವೆಂಬರಿನಲ್ಲಿ ಸ್ಪಷ್ಟ ಮಾಡಿದೆ. ಎರಡು ವರ್ಷಕ್ಕಿಂತ ಹೆಚ್ಚು ಹಾಗೆ ಕೂತರೆ ಇಲ್ಲಿ ದುಡಿದ ಅವಳ ವರ್ಷ ಲೆಕ್ಕದಿಂದ ಜಾರಿಹೋಯಿತು. ಮದುವೆ ನಿಶ್ಚಯ ಮಾಡುವಾಗ ಹುಡುಗನ ಸಂಬಳ ಕೇಳುವ ಹಿರಿಯರು ಇದನ್ನು ಕೇಳುವುದುಂಟೇ?

ಇನ್ನು ‘ವಿಶೇಷ ತಿಳಿವಳಿಕೆ’ ಎಂದರೆ ಏನು? ನಾನು ಪ್ರೆಸ್ಸಿನವನು, ಪ್ರೆಸ್ಸಿನ ಮಾತಿನಲ್ಲೇ ಹೇಳುತ್ತೇನೆ. ಆಫ್‌ಸೆಟ್ ಮಿಷನ್ನು ಓಡಿಸುವವರು ಮಂಗಳೂರಿನಲ್ಲೂ ಸಿಗುತ್ತಾರೆ, ಶಿವಮೊಗ್ಗದಲ್ಲೂ ಸಿಗುತ್ತಾರೆ. ಅದು ಕಸುಬು, ಗೌರವದ ಕಸುಬು, ಆದರೆ ವಿಶೇಷ ಅಲ್ಲ. ನನ್ನ ಪ್ರೆಸ್ಸಿನಲ್ಲಿ ಮಾತ್ರ ಇರುವ ಒಂದು ಯಂತ್ರ, ನಾವೇ ರೂಢಿಸಿಕೊಂಡ ಒಂದು ಕ್ರಮ, ಅದನ್ನು ಬಲ್ಲವನು ನಮ್ಮಲ್ಲೇ ಒಬ್ಬನೋ ಇಬ್ಬರೋ ಎಂದಾದರೆ ಅದು ವಿಶೇಷ. ಕಂಪೆನಿಯ ಸ್ವಂತ ಸರಕು, ಸ್ವಂತ ವಿಧಾನದ ತಿಳಿವಳಿಕೆ ಬೇಕು. ಆ ಒಂದು ವರ್ಷವೂ ಅಂಥ ಕೆಲಸದಲ್ಲೋ ಮೇಲ್ವಿಚಾರಣೆಯಲ್ಲೋ ಕಳೆದಿರಬೇಕು. ಕೆಲಸವೇ ಕೊಡದೆ ಬೆಂಚಿನ ಮೇಲೆ ಕೂರಿಸಿ ಸಂಬಳ ಕೊಟ್ಟ ವರ್ಷವನ್ನು ತೋರಿಸಿ, ನಾನು ವಿಶೇಷ ಬಲ್ಲೆ ಎಂದರೆ ಯಾರೂ ನಂಬುವುದಿಲ್ಲ. 2004ರ ಕಾಯ್ದೆ ಇನ್ನೊಂದು ಕೊಕ್ಕೆಯನ್ನೂ ಹಾಕಿದೆ: ಎಲ್-1ಬಿಯಲ್ಲಿ ಕರೆಸಿಕೊಂಡವನನ್ನು ಬೇರೆ ಗಿರಾಕಿ ಕಂಪೆನಿಯ ಅಂಗಳದಲ್ಲಿ, ಅವರ ಹಿಡಿತದಲ್ಲಿ, ಬಾಡಿಗೆ ಆಳಿನ ಹಾಗೆ ಬಿಡುವಂತಿಲ್ಲ.

ಮಿತ್ರರೇ, ಇಲ್ಲಿಂದ ನಮ್ಮ ಮನೆಯ ಮಾತು ಶುರು. ಆ ಒಂದು ವರ್ಷ ಕಂಪೆನಿಯ ಸ್ವಂತ ನೌಕರನಾಗಿ, ಪೂರ್ಣಾವಧಿ ದುಡಿದ ವರ್ಷವಾಗಿರಬೇಕು. ಏಜೆನ್ಸಿಯ ಮೂಲಕ ಬಂದವನದು ಆಗುವುದಿಲ್ಲ. ಬೆಂಗಳೂರಿನ ಗಾಜಿನ ಕಟ್ಟಡಗಳ ಬಾಗಿಲಲ್ಲಿ ನಿಂತು ನೋಡಿ. ಗೇಟು ಕಾಯುವವನು ಕನ್ನಡದವನು, ಆದರೆ ಏಜೆನ್ಸಿಯವನು. ಕಾರು ಓಡಿಸುವವನು ಕನ್ನಡದವನು, ಟ್ರಾವೆಲ್ಸಿನವನು. ಕ್ಯಾಂಟೀನಿನಲ್ಲಿ ಇಡ್ಲಿ ಇಡುವವನು ನಮ್ಮ ಕುಂದಾಪುರದ ಕಡೆಯವನು, ಕಂಟ್ರಾಕ್ಟಿನವನು. ಒಳಗೆ ಕಂಪ್ಯೂಟರ್ ಮುಂದೆ ಕೂತ ಕನ್ನಡದ ಹುಡುಗರಲ್ಲೂ ಎಷ್ಟೋ ಮಂದಿಯ ಕುತ್ತಿಗೆಯಲ್ಲಿ ನೇತಾಡುವ ಗುರುತಿನ ಚೀಟಿಯಲ್ಲಿ ಒಂದು ಕಂಪೆನಿಯ ಹೆಸರು, ಸಂಬಳದ ಚೀಟಿಯಲ್ಲಿ ಇನ್ನೊಂದರ ಹೆಸರು. ಹತ್ತು ವರ್ಷ ಅದೇ ಕಟ್ಟಡದಲ್ಲಿ ದುಡಿದರೂ ಅವರಿಗೆ ಆ ‘ಒಂದು ವರ್ಷ’ ದಕ್ಕುವುದಿಲ್ಲ. ಅಮೆರಿಕದ ವಿಷಯ ಹಾಗಿರಲಿ, ಬಡ್ತಿ ಇಲ್ಲ, ಕೆಲಸ ಹೋದರೆ ಕೇಳುವವರಿಲ್ಲ.

ಡಾ. ಸರೋಜಿನಿ ಮಹಿಷಿ ಸಮಿತಿ ನೇಮಕವಾದದ್ದು 1983ರಲ್ಲಿ. 1986ರಲ್ಲಿ 58 ಶಿಫಾರಸುಗಳ ಅಂತಿಮ ವರದಿ ಬಂತು. ಅಂದು ಬೆಂಗಳೂರಿನ ನಕ್ಷೆ ಬೇರೆ ಇತ್ತು. ಕೇಂದ್ರದ ಕಾರ್ಖಾನೆಗಳೇ ದೊಡ್ಡವು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು ಹೊಸ ಕಾಲದ ಮೊದಲ ಹೆಜ್ಜೆ. ಆಮೇಲೆ ನೂರಾರು ಬಹುರಾಷ್ಟ್ರೀಯ ಕಂಪೆನಿಗಳು ಬಂದವು. ಎಲ್-1ಕ್ಕೆ ಬೇಕಾದ ‘ಹೊರದೇಶದ ಕಚೇರಿ’ ಎಂದರೆ ಅವರ ಪಾಲಿಗೆ ಇದೇ ಬೆಂಗಳೂರು. ನಮ್ಮ ನೆಲ, ನಮ್ಮ ನೀರು, ನಮ್ಮ ಕರೆಂಟು. ಆ ವರ್ಷ ಹುಟ್ಟುವುದು ನಮ್ಮ ಮಣ್ಣಿನಲ್ಲಿ. ಅದರ ಫಲದಲ್ಲಿ ನಮ್ಮ ಮಕ್ಕಳ ಪಾಲೆಷ್ಟು ಎಂದು ಕೇಳುವುದು ಅಪರಾಧವೇ? 2024ರ ಜುಲೈಯಲ್ಲಿ ರಾಜ್ಯ ಸಚಿವ ಸಂಪುಟ, ಉದ್ದಿಮೆಗಳ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಉಳಿದ ಹುದ್ದೆಗಳಲ್ಲಿ ಶೇಕಡ 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಹುಬ್ಬು ಗಂಟಿಕ್ಕಿದ್ದೇ ತಡ, ಜುಲೈ 17ರಂದು ಅದನ್ನು ತಡೆಹಿಡಿದರು! ಅಲ್ಲಿ ಜನ ಕೇಳಿದಾಗ ಸಂಸತ್ತು ಕಾನೂನು ಬಿಗಿ ಮಾಡಿತು. ಇಲ್ಲಿ ಉದ್ಯಮಿ ಕೆಮ್ಮಿದಾಗ ಸರಕಾರ ಕಾನೂನನ್ನು ಕಪಾಟಿಗೆ ಸೇರಿಸಿತು.

ಆದರೆ ನ್ಯಾಯ ಎರಡು ಬಗೆಯದ್ದಾಗಬಾರದು. ಇಲ್ಲಿ ಸ್ಥಳೀಯರಿಗೆ ಕೆಲಸ ಕೊಡಿ ಎಂದು ಕೂಗುವ ನಾವೇ, ಅಮೆರಿಕ ಒಂದು ವರ್ಷದ ಬೀಗ ಹಾಕಿದರೆ ‘ಅನ್ಯಾಯ’ ಎಂದು ಎದೆ ಬಡಿದುಕೊಳ್ಳಬಾರದು. ಆ ದೇಶ ಕೇಳುವುದು ಇಷ್ಟೇ: ನಮ್ಮವನ ಬದಲು ನಿನ್ನನ್ನೇ ಕರೆಸಬೇಕು ಎಂದಾದರೆ ನೀನು ನಿಜವಾಗಿ ಆ ಕಂಪೆನಿಯವನೇ, ಆ ಕೆಲಸ ಬಲ್ಲವನೇ, ತೋರಿಸು. ಇದು ನ್ಯಾಯದ ಪ್ರಶ್ನೆ. ನಮ್ಮ ಭಾರತ ಸರಕಾರವೂ ಹೊರದೇಶದ ನೌಕರನಿಗೆ ವೀಸಾ ಕೊಡುವಾಗ ಕನಿಷ್ಠ ಸಂಬಳದ ಮಿತಿ ಇಟ್ಟೇ ಕೊಡುತ್ತದೆ. ಅದೇ ಪ್ರಶ್ನೆಯನ್ನು ನಾವು ಬೆಂಗಳೂರಿನ ಕಂಪೆನಿಗಳಿಗೂ ಕೇಳುತ್ತೇವೆ, ಅಷ್ಟೆ. ಹೊರಗಿನಿಂದ ಬಂದವರ ಮೇಲೆ ನಮಗೆ ದ್ವೇಷ ಇಲ್ಲ. ನಮ್ಮ ಕರಾವಳಿಯವರೇ ಮುಂಬಯಿ, ಮದ್ರಾಸು, ಹೈದರಾಬಾದು ಎಂದು ಊರೂರಿಗೆ ಹೋಗಿ ಬದುಕಿದವರು. ಹೋದಲ್ಲಿ ಆ ಊರಿನ ಭಾಷೆ ಕಲಿತವರು. ಒಂದು ವರ್ಷದ ಅನುಭವ ಇಲ್ಲದೆ ಅಮೆರಿಕಕ್ಕೆ ಕಳಿಸಲಾಗದು ಎಂದು ಒಪ್ಪುವ ಕಂಪೆನಿ, ಬೆಂಗಳೂರಿಗೆ ವರ್ಗವಾಗಿ ಬಂದ ತನ್ನ ಮ್ಯಾನೇಜರಿಗೆ ಒಂದು ವರ್ಷದಲ್ಲಿ ಕನ್ನಡ ಕಲಿ ಎಂದು ಹೇಳಲಾರದೇ?

ಇನ್ನು ನಮ್ಮ ಹೋಟೆಲಿನ ಮಾತು. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂದರೆ ಹೋಟೆಲು ಕಟ್ಟಿದವರ ನಾಡು. ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರುವಾದದ್ದು ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರಿಂದ. ಇಂದು ಅದರ ಶಾಖೆ ಸಿಂಗಾಪುರದಲ್ಲೂ ಇದೆ. ಘಟ್ಟ ಹತ್ತಿ ಹೋಟೆಲು ಇಟ್ಟವರ ಬದುಕನ್ನು ಕೋಟದ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲೇ ತಂದಿದ್ದಾರೆ. ಲೋಟ ತೊಳೆಯುವುದರಿಂದ ಹಿಡಿದು ಗಲ್ಲೆಯ ತನಕ ಮೆಟ್ಟಿಲು ಮೆಟ್ಟಿಲಾಗಿ ಕಲಿತ ವಿದ್ಯೆ ಅದು. ಆ ವಿದ್ಯೆಗೆ ಅಮೆರಿಕದಲ್ಲಿ ಬೆಲೆ ಇದೆಯೇ?

ಇದೆ. ಒಂದು ಮೊಕದ್ದಮೆ ಹೇಳುತ್ತೇನೆ, ನಮ್ಮ ಹೋಟೆಲಿನವರೆಲ್ಲ ತಿಳಿದಿರಬೇಕಾದ್ದು. ಬ್ರೆಜಿಲ್ ದೇಶದ ಫೋಗೋ ಡಿ ಚಾವ್ ಎಂಬ ಹೋಟೆಲು ಸಮೂಹ ತನ್ನ ಊರಿನ ಅಡುಗೆಯವರನ್ನು ಎಲ್-1ಬಿಯಲ್ಲಿ ಅಮೆರಿಕದ ಶಾಖೆಗಳಿಗೆ ಕರೆಸುತ್ತಿತ್ತು. 1997ರಿಂದ 2006ರ ತನಕ 200ಕ್ಕೂ ಹೆಚ್ಚು ಮಂದಿಗೆ ಒಪ್ಪಿಗೆ ಸಿಕ್ಕಿತ್ತು. ಆಮೇಲೆ ಒಬ್ಬ ಅಡುಗೆಯವನ ಅರ್ಜಿಯನ್ನು ಅಧಿಕಾರಿಗಳು ತಳ್ಳಿಹಾಕಿದರು. ಊರಿನಲ್ಲಿ, ಮನೆಯಲ್ಲಿ, ಸಂಪ್ರದಾಯದಿಂದ ಬಂದ ತಿಳಿವಳಿಕೆ ‘ವಿಶೇಷ’ ಆಗುವುದಿಲ್ಲ ಎಂದು ಅವರ ವಾದ. ಕಂಪೆನಿ ಕೋರ್ಟಿಗೆ ಹೋಯಿತು. 2014ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಸಂಸ್ಕೃತಿಯಿಂದ ಬಂದ ತಿಳಿವಳಿಕೆಯನ್ನು ಹಾಗೆ ಸಾರಾಸಗಟು ಹೊರಗಿಡಲು ಇಲಾಖೆ ಕೊಟ್ಟ ಕಾರಣ ಸಾಲದು ಎಂದು ಹೇಳಿ ಅರ್ಜಿಯನ್ನು ಮರುಪರಿಶೀಲನೆಗೆ ಕಳಿಸಿತು. ಯೋಚಿಸಿ ನೋಡಿ. ಮಾಂಸ ಸುಡುವ ಬ್ರೆಜಿಲಿನವನ ಕೈಗುಣಕ್ಕೆ ಕೋರ್ಟಿನಲ್ಲಿ ನಿಲ್ಲುವ ವಾದ ಇದೆ ಎಂದಾದರೆ, ನೀರುದೋಸೆ ಹೊಯ್ಯುವ, ಕೊಚ್ಚಕ್ಕಿಯ ಹದ ಬಲ್ಲ ನಮ್ಮವನ ಕೈಗುಣ ಕಡಿಮೆಯದ್ದೇ? ನಮ್ಮ ದೇಶವೇ ತಮ್ಮ ನಾಡಿನ ಅಡುಗೆ ಮಾಡಲು ಬರುವ ಹೊರದೇಶದ ಬಾಣಸಿಗರಿಗೆ ಆ ಸಂಬಳದ ಮಿತಿಯಿಂದ ವಿನಾಯಿತಿ ಕೊಟ್ಟಿದೆ.

ಆದರೆ ಅಡ್ಡಿ ಇರುವುದು ಕೈಗುಣದಲ್ಲಿ ಅಲ್ಲ, ಕಾಗದದಲ್ಲಿ. ಆ ಬ್ರೆಜಿಲಿನವರು ಕೋರ್ಟಿನಲ್ಲಿ ನಿಂತದ್ದು ತಾವು ಅದೇ ಕಂಪೆನಿಯ ನೌಕರರು ಎಂಬ ದಾಖಲೆ ಹಿಡಿದು. ನಮ್ಮ ಹುಡುಗರ ಕೈಯಲ್ಲಿ ಏನಿದೆ? ಸಂಬಳ ಕೈಗೆ, ಕವರಿನಲ್ಲಿ. ನೇಮಕಾತಿ ಪತ್ರ ಇಲ್ಲ. ಪಿಎಫ್ ಇಲ್ಲ. ಆಯುಧಪೂಜೆಗೆ ಒಂದು ಜೊತೆ ಬಟ್ಟೆ, ಊರಿನ ಜಾತ್ರೆಗೆ ನಾಲ್ಕು ದಿನ ರಜೆ. ಇಪ್ಪತ್ತು ವರ್ಷ ದುಡಿದವನೂ ಒಂದು ವರ್ಷ ದುಡಿದೆ ಎಂದು ಯಾರ ಮುಂದೆಯೂ ಸಾಬೀತು ಮಾಡಲಾರ! ಇನ್ನೊಂದು ಮಾತು. ಬೆಂಗಳೂರಿನ ಹೋಟೆಲಿನ ಬೋರ್ಡೂ ಅಮೆರಿಕದ ಹೋಟೆಲಿನ ಬೋರ್ಡೂ ಒಂದೇ ಎಂದ ಮಾತ್ರಕ್ಕೆ ವರ್ಗಾವಣೆ ಆಗುವುದಿಲ್ಲ. ಒಡೆತನ ಮತ್ತು ಹಿಡಿತ ಒಂದೇ ಆಗಿರಬೇಕು. ಹೆಸರನ್ನು ಬಾಡಿಗೆಗೆ ಕೊಟ್ಟ ಫ್ರಾಂಚೈಸಿಯ ಸಂಬಂಧ ಸಾಮಾನ್ಯವಾಗಿ ಸಾಲದು. ಹೋಟೆಲು ಮಾಲಿಕರಾದ ನಮ್ಮ ಊರಿನ ಅಣ್ಣಂದಿರಿಗೆ ಒಂದು ವಿನಂತಿ: 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. 20 ಅಥವಾ ಅದಕ್ಕಿಂತ ಹೆಚ್ಚು ಜನ ಇರುವಲ್ಲಿ ಪಿಎಫ್ ಕೊಡಲೇಬೇಕು. ಊರಿನ ಹುಡುಗ ಎಂಬ ಪ್ರೀತಿ ನಿಮಗಿದೆ, ಗೊತ್ತು. ಆ ಪ್ರೀತಿಯನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡಿ.

ಕಾಗದ ಇಲ್ಲದಲ್ಲಿ ಕಳ್ಳ ಕಾಗದ ಹುಟ್ಟುತ್ತದೆ. ಇದನ್ನು ನಾನು ಕೇಳಿ ಹೇಳುವುದಲ್ಲ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಅಂಗಡಿಯ ಬಿಲ್‌ಬುಕ್ಕು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು ನಾನು. ನನ್ನ ಪ್ರೆಸ್ಸಿಗೆ ಬರುವವರಲ್ಲಿ ಕೆಲವರು ಸ್ವರ ತಗ್ಗಿಸಿ ಕೇಳುತ್ತಾರೆ: ‘ಅಣ್ಣಾ, ಇಂಥ ಕಂಪೆನಿಯ ಲೆಟರ್‌ಹೆಡ್ ಹತ್ತೇ ಹತ್ತು ಹಾಳೆ ಬೇಕಿತ್ತು.’ ಹತ್ತು ಹಾಳೆ ಲೆಟರ್‌ಹೆಡ್ ಯಾವ ಕಂಪೆನಿಗೂ ಬೇಡ. ಬೇಕಾಗುವುದು ಇಲ್ಲದ ಅನುಭವ ಹೊಸೆಯುವವನಿಗೆ. ‘ಇದು ನಮ್ಮಲ್ಲಿ ಆಗುವುದಿಲ್ಲ ಮಾರಾಯ’ ಎಂದು ಕಳಿಸುತ್ತೇನೆ. ಬೈಯುವುದಿಲ್ಲ. ಯಾಕೆಂದರೆ ಅವನ ಹಿಂದೆ ಒಬ್ಬ ದಲ್ಲಾಳಿ ಇದ್ದಾನೆ, ಅವನ ಮನೆಯಲ್ಲಿ ಅಡವಿಟ್ಟ ಚಿನ್ನ ಇದೆ ಎಂದು ನನಗೆ ಗೊತ್ತು. ನಾನು ಹಾಕದಿದ್ದರೆ ಇನ್ನೆಲ್ಲೋ ಕಂಪ್ಯೂಟರಿನಲ್ಲಿ ಬಣ್ಣದ ಪ್ರಿಂಟು ತೆಗೆಸಿಕೊಳ್ಳುತ್ತಾನೆ ಎಂಬುದೂ ಗೊತ್ತು. ಅದಕ್ಕೇ ಇಲ್ಲಿ ಬರೆಯುತ್ತಿರುವುದು.

ತಮ್ಮಂದಿರೇ, ಕೇಳಿ. ಎಲ್-1ರ ಖರ್ಚಿನಲ್ಲೇ 500 ಡಾಲರಿನ ‘ವಂಚನೆ ತಡೆ’ ಶುಲ್ಕ ಸೇರಿದೆ. ಅಂದರೆ ವಂಚಕರನ್ನು ಹುಡುಕಲೆಂದೇ ಅವರು ದುಡ್ಡು ಎತ್ತುತ್ತಾರೆ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಆ ಒಂದು ಅರ್ಜಿ ಮಾತ್ರ ಹೋಗುವುದಲ್ಲ, ಅಮೆರಿಕದ ಕಾನೂನಿನಲ್ಲಿ ಅದು ಜೀವನಪೂರ್ತಿಯ ಅನರ್ಹತೆ. ಮುಂದೆ ಮಗಳ ಬಾಣಂತನಕ್ಕೆ ಹೋಗಲೂ ವಿಶೇಷ ವಿನಾಯಿತಿ ಬೇಡಿಕೊಳ್ಳಬೇಕು. ದಲ್ಲಾಳಿ ಕಮಿಷನ್ ಎಣಿಸಿಕೊಂಡು ಹೋಗಿರುತ್ತಾನೆ. ಹೊಳೆ ದಾಟಿಸುತ್ತೇನೆ ಎಂದವನು ನಡುಹೊಳೆಯಲ್ಲಿ ದೋಣಿ ಬಿಟ್ಟು ಹಾರಿದ ಹಾಗೆ. ಇನ್ನು ಕೆಲವರು, ‘ಇಲ್ಲೇ ನಿನ್ನ ಹೆಸರಲ್ಲಿ ಒಂದು ಕಂಪೆನಿ ಮಾಡು, ಅಮೆರಿಕದಲ್ಲಿ ಶಾಖೆ ತೆರೆ, ಮ್ಯಾನೇಜರಾಗಿ ಹೋಗು’ ಎಂದು ಪುಸಲಾಯಿಸುತ್ತಾರೆ. ಹೊಸ ಶಾಖೆಗೆ ಅವಕಾಶ ಇರುವುದು ಹೌದು. ಆದರೆ ಇಲ್ಲಿಯ ಕಂಪೆನಿ ನಿಜವಾದ ವ್ಯಾಪಾರ ಮಾಡುತ್ತಿರಬೇಕು, ನೀವು ಅದರಲ್ಲಿ ಒಂದು ವರ್ಷ ನಿಜವಾಗಿ ದುಡಿದಿರಬೇಕು, ಅಲ್ಲಿ ಕಚೇರಿಯ ಜಾಗ ತೋರಿಸಬೇಕು. ಕೊಡುವುದು ಮೊದಲಿಗೆ ಒಂದೇ ವರ್ಷ. ಒಂದು ವರ್ಷದಲ್ಲಿ ವ್ಯಾಪಾರ ಕುದುರದಿದ್ದರೆ ಗಂಟುಮೂಟೆ ಕಟ್ಟಬೇಕು.

ಹೋದ ಮೇಲೂ ಸುಖದ ಸುಪ್ಪತ್ತಿಗೆ ಎಂದು ತಿಳಿಯಬೇಡಿ. ದೂರದ ಬೆಟ್ಟ ನುಣ್ಣಗೆ. ಎಲ್-1ರಲ್ಲಿ ಹೋದವನು ಬೇರೆ ಕಂಪೆನಿಗೆ ಹಾರುವಂತಿಲ್ಲ. ಕೆಲಸ ಹೋಯಿತೆಂದರೆ ವೀಸಾಕ್ಕೂ ಕಾಲು ಬಂತು. ಎಚ್-1ಬಿಗೆ ಇರುವಂತೆ ಆ ಊರಿನ ಚಾಲ್ತಿ ಸಂಬಳ ಕೊಡಲೇಬೇಕೆಂಬ ಷರತ್ತು ಎಲ್-1ಕ್ಕೆ ಇಲ್ಲ. ಮುದ್ರಣ ತಂತ್ರಜ್ಞಾನದ ಒಂದು ಕಂಪೆನಿಯ ಕಥೆ ನಮ್ಮಂಥ ಪ್ರೆಸ್ಸಿನವರ ಕರುಳು ಚುರುಕ್ ಎನ್ನಿಸುವಂಥದ್ದು. ಕ್ಯಾಲಿಫೋರ್ನಿಯಾದ ಎಲೆಕ್ಟ್ರಾನಿಕ್ಸ್ ಫಾರ್ ಇಮೇಜಿಂಗ್ ಎಂಬ ಕಂಪೆನಿ ತನ್ನ ಬೆಂಗಳೂರು ಕಚೇರಿಯಿಂದ ಸುಮಾರು 8 ಮಂದಿಯನ್ನು ಕಂಪ್ಯೂಟರ್ ಜೋಡಿಸಲು ಕರೆಸಿಕೊಂಡಿತು. ವಾರಕ್ಕೆ 120 ಗಂಟೆಯ ತನಕ ದುಡಿಸಿ, ರೂಪಾಯಿ ಲೆಕ್ಕದಲ್ಲಿ ಗಂಟೆಗೆ 1.21 ಡಾಲರ್ ಕೊಟ್ಟಿತು. ಅಲ್ಲಿಯ ಕನಿಷ್ಠ ಕೂಲಿ ಗಂಟೆಗೆ 8 ಡಾಲರ್! 2014ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಹಿಡಿದು 40,000 ಡಾಲರಿಗೂ ಹೆಚ್ಚು ಬಾಕಿ ಕೂಲಿ ಕೊಡಿಸಿತು. ಅದರ ಹಿಂದಿನ ವರ್ಷ, 2013ರಲ್ಲಿ, ವ್ಯವಹಾರದ ವೀಸಾದ ದುರ್ಬಳಕೆಯ ಆರೋಪದ ಮೇಲೆ ಇನ್ಫೋಸಿಸ್ 3 ಕೋಟಿ 40 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆರೋಪವನ್ನು ಕಂಪೆನಿ ಒಪ್ಪಲಿಲ್ಲ, ದುಡ್ಡನ್ನಂತೂ ಕೊಟ್ಟಿತು. ಕಲಿಯಬೇಕಾದ ಪಾಠ ಇಷ್ಟು: ಅಮೆರಿಕದ ನೆಲದಲ್ಲಿ ನಿಂತು ದುಡಿದರೆ ಅಮೆರಿಕದ ಕೂಲಿ ಕೇಳುವ ಹಕ್ಕು ನಿಮಗಿದೆ. ಕೇಳಿ!

ಅಮೆರಿಕ ಒಂದೇ ಜಗತ್ತಲ್ಲ ಎಂಬುದೂ ತಿಳಿದಿರಲಿ. ಕೆನಡಾದಲ್ಲಿ ಇದೇ ಲೆಕ್ಕ, ಮೂರು ವರ್ಷದೊಳಗೆ ಒಂದು ವರ್ಷ. ಜಪಾನಿನಲ್ಲಿ ಹೊರಡುವ ಮುಂಚಿನ ಎಡೆಬಿಡದ ಒಂದು ವರ್ಷ. ಜರ್ಮನಿಯಲ್ಲಿ 6 ತಿಂಗಳು ಸಾಕು. ಬ್ರಿಟನ್ನಿನಲ್ಲಿ 2022ರ ಏಪ್ರಿಲಿನಿಂದ ಹೊಸ ಹೆಸರಿನ ದಾರಿ ಬಂದಿದೆ. ದೊಡ್ಡ ಸಂಬಳದವರನ್ನು ಬಿಟ್ಟು ಉಳಿದವರಿಗೆ 12 ತಿಂಗಳು, ತರಬೇತಿಗೆ ಹೋಗುವ ಪದವೀಧರರಿಗೆ 3 ತಿಂಗಳು. ಆ ದಾರಿಯಲ್ಲಿ ಹೋದವರು ಅಲ್ಲೇ ನೆಲೆಸುವ ಹಕ್ಕು ಕೇಳುವಂತಿಲ್ಲ. ಆದರೆ ಒಂದು ವಿಷಯ ಗುರುತು ಹಾಕಿಕೊಳ್ಳಿ: ಇಂಗ್ಲಿಷಿನ ತವರೂರಾದ ಬ್ರಿಟನ್ನು ಈ ದಾರಿಗೆ ಇಂಗ್ಲಿಷ್ ಪರೀಕ್ಷೆ ಇಟ್ಟಿಲ್ಲ! ಅಮೆರಿಕದ ಎಲ್-1ಕ್ಕೂ ಇಂಗ್ಲಿಷ್ ಪರೀಕ್ಷೆ ಇಲ್ಲ. ಅವರು ಕೇಳುವುದು ಕೆಲಸವನ್ನು. ಕನ್ನಡ ಮಾಧ್ಯಮದಲ್ಲಿ ಓದಿದವನು ಎಂದು ಮೂಗು ಮುರಿಯುವುದು ಲಂಡನ್ನಿನವರಲ್ಲ, ಬೆಂಗಳೂರಿನ ಸಂದರ್ಶನ ಕೋಣೆಯಲ್ಲಿ ಕೂತ ನಮ್ಮವರೇ.

ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ ಬೇಕೆಂದು ಎಷ್ಟು ವರ್ಷ ಕೇಳಿದೆವು! 2025ರ ಜನವರಿ 17ರಂದು ಉದ್ಘಾಟನೆ ಆಯಿತು. ದೀಪ ಹಚ್ಚಿದರು, ಫೋಟೋ ತೆಗೆದರು. ವೀಸಾ ಕೊಡುವ ಕೆಲಸ ಮಾತ್ರ ಅಂದು ಅಲ್ಲಿ ಶುರುವಾಗಲಿಲ್ಲ. ದೇಶಕ್ಕೆ ಸಾಫ್ಟ್‌ವೇರಿನ ದುಡ್ಡು ತರುವ ರಾಜ್ಯದ ಮಕ್ಕಳು ವೀಸಾಕ್ಕೆ ಬೇರೆ ರಾಜ್ಯದ ಬಾಗಿಲಲ್ಲಿ ನಿಂತೇ ಬಂದವರು. ಬೈಂದೂರಿನವನಿಗೆ ಬೆಂಗಳೂರೇ ಒಂದು ರಾತ್ರಿಯ ದಾರಿ, ಚೆನ್ನೈ ಅದರಾಚೆ. ನಮ್ಮ ಸಂಸದರು ಈ ಬಗ್ಗೆ ದೆಹಲಿಯಲ್ಲಿ ಬಾಯಿ ಬಿಡಬೇಕು.

ಈಗ ಏನು ಮಾಡೋಣ? ನಿಮಗೆ ನಾಲ್ಕು ಮಾತು. ಕೆಲಸಕ್ಕೆ ಸೇರಿದ ದಿನವೇ ನೇಮಕಾತಿ ಪತ್ರ ಕೇಳಿ, ಅದರಲ್ಲಿ ಕಂಪೆನಿಯ ಹೆಸರು ಯಾವುದಿದೆ ಓದಿ. ತಿಂಗಳು ತಿಂಗಳು ಸಂಬಳದ ಚೀಟಿ, ಪಿಎಫ್ ಸಂಖ್ಯೆ ಜೋಪಾನ ಮಾಡಿ, ಪಾಸ್‌ಪೋರ್ಟಿನ ಪ್ರತಿ ಮೊಹರಿನ ದಿನಾಂಕ ಬರೆದಿಡಿ. ರಾಜೀನಾಮೆ ಕೊಡುವ ಮುಂಚೆ ನಿಮ್ಮ ವರ್ಷ ಎಲ್ಲಿಗೆ ಬಂತು ಎಂದು ಎಣಿಸಿ. ಲೆಟರ್‌ಹೆಡ್ ಮಾಡಿಸಿ ಕೊಡುತ್ತೇನೆ ಎಂದವನನ್ನು ಮನೆಯ ಮೆಟ್ಟಿಲು ಹತ್ತಿಸಬೇಡಿ. ಸಂಘಟನೆಯ ಗೆಳೆಯರಿಗೆ ಒಂದು ಮಾತು: ಬೋರ್ಡಿನಲ್ಲಿ ಕನ್ನಡ ಇದೆಯೇ ಎಂದು ನೋಡುವ ನಾವು ಸಂಬಳದ ಪಟ್ಟಿಯಲ್ಲಿ ಕನ್ನಡಿಗ ಇದ್ದಾನೆಯೇ ಎಂದೂ ನೋಡಬೇಕು. ಏಜೆನ್ಸಿಯ ಲೆಕ್ಕದಲ್ಲಿ ಅಲ್ಲ, ಕಂಪೆನಿಯ ಲೆಕ್ಕದಲ್ಲಿ. ಸರಕಾರಕ್ಕೆ ಒಂದು ಮಾತು: ಕಪಾಟಿನಲ್ಲಿಟ್ಟ ಮಸೂದೆಯ ಧೂಳು ಕೊಡವಿ. ಜಿಲ್ಲಾ ಉದ್ಯೋಗ ಕಚೇರಿಗಳಲ್ಲಿ ಈ ವೀಸಾ ನಿಯಮಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಿ. ಉಡುಪಿ ಜಿಲ್ಲೆಯಲ್ಲಿ ಇಂದು ಏಳು ತಾಲೂಕುಗಳಿವೆ, ಅವುಗಳಲ್ಲಿ ಬ್ರಹ್ಮಾವರ, ಬೈಂದೂರು ಹೊಸವು. ತಾಲೂಕು ಕಚೇರಿಗೆ ಒಂದು ಕಟ್ಟು ಕರಪತ್ರ ಕಳಿಸುವುದು ದೊಡ್ಡ ಖರ್ಚಲ್ಲ, ಅಚ್ಚಿನ ಲೆಕ್ಕ ನನಗೆ ಗೊತ್ತು.

ಹೋಗುವವರು ಹೋಗಲಿ, ತಲೆಯೆತ್ತಿಕೊಂಡು ನಿಜದ ಕಾಗದ ಹಿಡಿದು ಹೋಗಲಿ. ಉಳಿಯುವವರು ಉಳಿಯಲಿ, ಗೇಟಿನ ಹೊರಗೆ ಅಲ್ಲ, ಒಳಗೆ. ಅಮೆರಿಕದ ಕಾನೂನು ಕೇಳುವ ಆ ಒಂದು ವರ್ಷ ನಮ್ಮ ನೆಲದಲ್ಲೇ ದುಡಿದ ವರ್ಷ. ಅದನ್ನು ನಮ್ಮ ಹುಡುಗರ ಹೆಸರಿಗೆ ಬರೆಸುವ ಹೋರಾಟಕ್ಕೆ ವೀಸಾ ಬೇಕಾಗಿಲ್ಲ. ಬನ್ನಿ.